ಹೆಸರೇ ಕೆಲಸ ಹೇಳಲಿ

ಮಕ್ಕಳೇ, ಗಂಗಾವತಿ ತಾಲ್ಲೂಕಿನಲ್ಲಿ ಹಿರೇಬೆಣಕಲ್, ಚಿಕ್ಕಬೆಣಕಲ್ ಎಂಬ ಊರುಗಳಿವೆ. ಹಿರಿದು ಯಾವುದೆಂದು ಹೆಸರೇ ಹೇಳುತ್ತದೆ. ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಹೆಸರೂ ಹೀಗಿರಬೇಡವೇ?

‘ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ’ ಎಂಬ ಪಟ್ಟಿ ಇದೆಯೆನ್ನಿ. 1950ರ ದಶಕದ ಕೊನೆಯಲ್ಲಿ ಹುಟ್ಟಿದ ಲಿಸ್ಪ್ ಭಾಷೆಯಲ್ಲಿ ಕೊಪ್ಪಳವನ್ನು ಪಡೆಯಲು ‘ಕಾರ್’, ಉಳಿದ ಮೂರನ್ನು ಪಡೆಯಲು ‘ಕುಡರ್’ ಎನ್ನಬೇಕು. ಮೋಟಾರು ಕಾರೇ? ಅಲ್ಲ! ಐಬಿಎಂ 704 ಯಂತ್ರದ ಒಳಭಾಗಗಳನ್ನು ಸೂಚಿಸುವ ಮಾತುಗಳ ಮೊದಲಕ್ಷರಗಳವು. ಆ ಯಂತ್ರ ಮೂಲೆ ಸೇರಿತು, ಹೆಸರು ಮಾತ್ರ ಉಳಿಯಿತು. ಚಿಕ್ಕ ಹೆಸರು, ಟೈಪಿಸಲು ಸುಲಭ, ನಿಜ. ಆದರೆ ಹೊಸದಾಗಿ ಓದುವವರ ಪಾಡೇನು?

1967ರಲ್ಲಿ ಮಕ್ಕಳಿಗಾಗಿಯೇ ಬಂದ ಲೋಗೋ ಭಾಷೆ ಇವನ್ನು ‘ಫಸ್ಟ್’, ‘ಬಟ್‌ಫಸ್ಟ್’ ಎಂದಿತು. ಅಂದರೆ ‘ಮೊದಲನೆಯದು’, ‘ಮೊದಲನೆಯದನ್ನು ಬಿಟ್ಟು’. ನನ್ನ ಮತ ಲೋಗೋಗೆ. ಯಲಬುರ್ಗಾವನ್ನು ಮಾತ್ರ ತರುವ ಆಜ್ಞೆಗೆ ನೀವು ಏನು ಹೆಸರಿಡುತ್ತೀರಿ?