ಬಾಳಿನ ಅರ್ಥ ಮತ್ತು ಮುಕ್ತ ಸಂವಾದ: ಕ್ರೈಸ್ತ ಶ್ರದ್ಧೆಯ ಒಂದು ಮುಖ

ಬಾಳಿಗೆ ಅರ್ಥವೇನೆಂಬ ಪ್ರಶ್ನೆ ಯಾವೊಂದು ಮತದ ಸ್ವತ್ತೂ ಅಲ್ಲ. ಅನ್ನ, ಅರಿವೆ, ಆಶ್ರಯಗಳು ದೊರೆತ ಮೇಲೂ ಮನುಷ್ಯನನ್ನು ಕಾಡುವ ಪ್ರಶ್ನೆಯದು. ಅವು ದೊರೆಯದವನನ್ನಂತೂ ಇನ್ನಷ್ಟು ಕಾಡುತ್ತದೆ. ಶ್ರದ್ಧೆಯು ಇದಕ್ಕೆ ಸಿದ್ಧ ಉತ್ತರವನ್ನಿತ್ತು ಪ್ರಶ್ನಿಸುವವನ ಬಾಯಿ ಮುಚ್ಚಿಸುತ್ತದೆಂದು ಹಲವರ ಎಣಿಕೆ. ಕ್ರೈಸ್ತ ಧರ್ಮದ ಇತಿಹಾಸವನ್ನು ಪರಿಶೀಲಿಸಿದರೆ ಈ ಎಣಿಕೆ ಪೂರ್ಣ ಸುಳ್ಳೂ ಅಲ್ಲ, ಪೂರ್ಣ ನಿಜವೂ ಅಲ್ಲವೆಂಬುದು ತಿಳಿಯುತ್ತದೆ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೋಬನೆಂಬ ಸಜ್ಜನನ ಕಥೆಯಿದೆ. ಮಕ್ಕಳು, ಸಂಪತ್ತು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಆತನು ದೇವರನ್ನೇ ಪ್ರಶ್ನಿಸುತ್ತಾನೆ. ಸಂತೈಸಲು ಬಂದ ಗೆಳೆಯರು ಅವನ ಪಾಪವೇ ಅವನ ದುಃಖಕ್ಕೆ ಕಾರಣವೆಂದು ದೇವರ ಪರವಾಗಿ ವಾದಿಸುತ್ತಾರೆ. ಕಡೆಯಲ್ಲಿ ಸರಿಯಾಗಿ ನುಡಿದವನೆಂಬ ಮನ್ನಣೆ ದೊರೆಯುವುದು ಯೋಬನಿಗೆ. ದೇವರ ಕೋಪಕ್ಕೆ ಗುರಿಯಾಗುವವರು ಆ ಗೆಳೆಯರು. ಯೋಹಾನನ ಸುವಾರ್ತೆಯಲ್ಲಿ ಯೇಸುವು ಬಾವಿಯ ಬಳಿ ಸಮಾರ್ಯದ ಹೆಂಗಸೊಬ್ಬಳನ್ನು ಸಂಧಿಸುತ್ತಾನೆ. ಯೆಹೂದ್ಯರು ಸಮಾರ್ಯದವರೊಡನೆ ಬಳಕೆ ಇರಿಸಿಕೊಳ್ಳದಿದ್ದ ಕಾಲವದು. ಆತನು ಉಪದೇಶದಿಂದ ತೊಡಗಲಿಲ್ಲ; ಕುಡಿಯಲು ನೀರು ಬೇಡಿದನು. ಆಕೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಆತನು ತಾಳ್ಮೆಯಿಂದ ಉತ್ತರಿಸಿದನು.

ಈ ಸೌಜನ್ಯವನ್ನು ಚರ್ಚು ಬಹುಕಾಲ ಮರೆತದ್ದೂ ಉಂಟು. 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾಗಿ 1812ರಲ್ಲಿ ಕೊನೆಗೊಂಡ ಧರ್ಮವಿಚಾರಣಾ ನ್ಯಾಯಾಲಯವು ಶ್ರದ್ಧೆಯನ್ನು ಶಿಕ್ಷೆಯ ಭಯದಿಂದ ಕಾಯಲು ಹವಣಿಸಿತು. ಆದರೆ ಅದೇ ಕ್ಯಾಥೊಲಿಕ್ ಚರ್ಚು 1965ರ ಅಕ್ಟೋಬರ್ 28ರಂದು, ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆಯಲ್ಲಿ, ಅನ್ಯ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ತಾನು ತಿರಸ್ಕರಿಸುವುದಿಲ್ಲವೆಂದು ಸಾರಿತು. ಮನುಷ್ಯನೆಂದರೇನು, ಬಾಳಿನ ಗುರಿಯೇನು, ದುಃಖವೇಕೆ, ಸಾವಿನಾಚೆಗೇನು ಎಂಬ ಪ್ರಶ್ನೆಗಳು ಎಲ್ಲ ಜನಾಂಗಗಳಿಗೂ ಸಮಾನವೆಂದು ಆ ಘೋಷಣೆಯ ಆರಂಭದಲ್ಲೇ ಒಪ್ಪಿಕೊಂಡಿತು. ಉತ್ತರಗಳು ಬೇರೆಯಾದರೂ ಪ್ರಶ್ನೆ ಒಂದೇ ಆಗಿರುವಲ್ಲಿ ಸಂವಾದಕ್ಕೆ ನೆಲೆಯುಂಟು.

ಕನ್ನಡ ನಾಡು ಈ ನೆಲೆಯನ್ನು ಅದಕ್ಕೂ ಮೊದಲೇ ಕಂಡಿತ್ತು. ಧಾರವಾಡದಲ್ಲಿ 1881ರಲ್ಲಿ ಜನಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಬಾಸೆಲ್ ಮಿಷನ್ನಿನ ಸಭಾಪಾಲಕರು. 1921ರಲ್ಲಿ ಅವರು ರಚಿಸಿದ ಗ್ರಂಥದ ಹೆಸರು ‘ಬನಾರಸಕ್ಕೆ ಬೆತ್ಲೆಹೆಮಿನ ವಿನಂತಿ’. ಅದು ಆಜ್ಞೆಯಲ್ಲ, ವಾದವಲ್ಲ, ವಿನಂತಿ ಎಂಬುದನ್ನು ಗಮನಿಸಬೇಕು. ಮೂರು ವರ್ಷಗಳ ತರುವಾಯ, 1924ರಲ್ಲಿ, ಅವರು ಸರ್ವಜ್ಞನ ವಚನಗಳನ್ನು ಶ್ರಮಪಟ್ಟು ಸಂಗ್ರಹಿಸಿ ಪ್ರಕಟಿಸಿದರು. ಮುಂದೆ ಶರಣರ ವಚನಗಳನ್ನೂ ಅನುಭವ ಮಂಟಪದ ಐತಿಹಾಸಿಕತೆಯನ್ನೂ ಕುರಿತು ದುಡಿದರು. 1949ರ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವು ಅವರಿಗೆ ಸಂದಿತು. 1962ರಲ್ಲಿ ನಿಧನರಾಗುವವರೆಗೂ ಅವರು ಕ್ರಿಸ್ತನನ್ನು ಬಿಡಲಿಲ್ಲ, ಶರಣರನ್ನೂ ಬಿಡಲಿಲ್ಲ.

ಎಲ್ಲ ಧರ್ಮಗಳೂ ಒಂದೇ ಎಂದು ಸಭೆಗಳಲ್ಲಿ ನುಡಿದು ಚಪ್ಪಾಳೆ ಗಿಟ್ಟಿಸುವುದು ಸುಲಭ. ಅದು ಸಂವಾದವಲ್ಲ, ಸಂವಾದವನ್ನು ತಪ್ಪಿಸಿಕೊಳ್ಳುವ ಉಪಾಯ. ಶಿಲುಬೆಯ ಮೇಲಣ ತ್ಯಾಗದಲ್ಲಿ ಬಾಳಿನ ಅರ್ಥವನ್ನು ಕಾಣುವ ಕ್ರೈಸ್ತನಿಗೂ, ಲಿಂಗಾಂಗ ಸಾಮರಸ್ಯದಲ್ಲಿ ಅದನ್ನು ಕಾಣುವ ಶರಣನಿಗೂ ನಿಜವಾದ ಭೇದವಿದೆ. ಭೇದವನ್ನು ಮುಚ್ಚಿಡದೆ, ಹಗೆಯನ್ನು ಬೆಳೆಸದೆ ಮಾತನಾಡುವುದೇ ಸಂವಾದ. ತನ್ನ ನೆಲೆಯಲ್ಲಿ ದೃಢವಾಗಿ ನಿಂತವನಿಗೆ ಮಾತ್ರ ಇತರರ ಮಾತನ್ನು ಅಂಜದೆ ಆಲಿಸುವುದು ಸಾಧ್ಯ.

ಈ ಮಾತು ಮಠದ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗೆ ಹೊರಗಿನದಲ್ಲ. ಶೂನ್ಯಸಂಪಾದನೆಯೇ ಸಂವಾದದ ರೂಪದಲ್ಲಿರುವ ಗ್ರಂಥ. ಅಲ್ಲಿ ಪ್ರಶ್ನೆಯಿಲ್ಲದೆ ಯಾರ ಅನುಭಾವಕ್ಕೂ ಒಪ್ಪಿಗೆಯಿಲ್ಲ. ದಾನಿಗಳ ಔದಾರ್ಯದಿಂದ ಕಟ್ಟಡಗಳು ಏಳಬಹುದು, ಅಧ್ಯಾಪಕರ ಶ್ರಮದಿಂದ ಪರೀಕ್ಷಾ ಫಲಿತಾಂಶಗಳು ಉಜ್ಜ್ವಲವಾಗಬಹುದು. ಆದರೆ ತರಗತಿಯಲ್ಲಿ ಎದ್ದುನಿಂತು, ಬದುಕುವುದು ಏತಕ್ಕಾಗಿ ಎಂದು ಕೇಳುವ ಬಾಲಕನನ್ನು ಸುಮ್ಮನೆ ಕುಳ್ಳಿರಿಸಿದರೆ ಆ ಕಟ್ಟಡಗಳು ಬರಿಯ ಗೋಡೆಗಳಾಗಿ ಉಳಿದಾವು. ಆ ಪ್ರಶ್ನೆಗೆ ಶರಣರ ಉತ್ತರವನ್ನು ಹೇಳುವುದರ ಜೊತೆಗೆ ಯೋಬನ ಕಥೆಯನ್ನೂ ಹೇಳಬಲ್ಲ ಗುರುವಿರುವಲ್ಲಿ ವಿದ್ಯಾದಾನವು ಸಾರ್ಥಕವಾಗುತ್ತದೆ.