ಕೊಂಡವನೇ ಒಡೆಯನಲ್ಲವೆ?

ಹಣ ತೆತ್ತು ಕೊಂಡ ವಸ್ತುವಿಗೆ ಒಡೆಯನಾರು? ಕೊಂಡವನೆ, ಮಾರಿದವನೆ? ಮೂರನೆಯ ತರಗತಿಯ ಮಗುವೂ ಉತ್ತರಿಸಬಲ್ಲ ಈ ಪ್ರಶ್ನೆಗೆ ಯಂತ್ರೋದ್ಯಮಿಗಳು ಮಾತ್ರ ಬೇರೊಂದು ಉತ್ತರವನ್ನು ಸಿದ್ಧಪಡಿಸಿಕೊಂಡಿದ್ದಾರೆ. ಮೊಬೈಲಿನ ಬ್ಯಾಟರಿಯನ್ನು ಅಂಟು ಹಾಕಿ ಮುಚ್ಚುತ್ತಾರೆ. ಬಿಡಿಭಾಗಗಳನ್ನು ಪೇಟೆಗೆ ಬಿಡುವುದಿಲ್ಲ. ಹಾಗೂ ಹೀಗೂ ದೊರಕಿಸಿ ಜೋಡಿಸಿದರೆ ಒಳಗಣ ತಂತ್ರಾಂಶವೇ ಅದನ್ನು ಪರಕೀಯವೆಂದು ತಿರಸ್ಕರಿಸುವುದುಂಟು. ಮನೆಯನ್ನು ಮಾರಿ ಬೀಗದ ಕೈಯನ್ನು ತಾನೇ ಇಟ್ಟುಕೊಂಡಂತಲ್ಲವೆ ಇದು?

ನಮ್ಮ ಮಧೂರಿನ ಸಂಸ್ಕಾರ ಇಂತಹದಲ್ಲ. ಇಲ್ಲಿಯ ಗಜಪೃಷ್ಠಾಕಾರದ ಪ್ರಾಚೀನ ದೇವಾಲಯವು 2025ರಲ್ಲಿ ಬ್ರಹ್ಮಕಲಶ, ಮೂಡಪ್ಪ ಸೇವೆಗಳನ್ನು ಕಂಡುದು ಜೀರ್ಣೋದ್ಧಾರದ ಬಲದಿಂದ. ಶಿಥಿಲವಾದುದನ್ನು ಸರಿಪಡಿಸಿ ಮುಂದಿನ ತಲೆಮಾರಿಗೆ ಒಪ್ಪಿಸುವುದೇ ಹಿರಿಯರು ಕಲಿಸಿದ ಪಾಠ. ಕಂಗಿನ ತೋಟದವರನ್ನು ಕೇಳಿರಿ: ಮಹಾಳಿಯ ಕಾಲದಲ್ಲಿ ಮದ್ದು ಬಿಡುವ ಪಂಪು ಕೆಟ್ಟರೆ, ಮಳೆ ಬಿಟ್ಟ ಎರಡು ದಿನಗಳ ಬೆಲೆಯೇನೆಂದು. ಇಂದು ಊರ ಮೆಕ್ಯಾನಿಕ್ ಅದನ್ನು ಬಿಚ್ಚಿ ಸರಿಪಡಿಸಬಲ್ಲನು. ನಾಳೆ ಅದೂ ಮೊಬೈಲಿನಂತೆ ಮುಚ್ಚಿದ ಪೆಟ್ಟಿಗೆಯಾದರೆ, ಕಂಪೆನಿಯವರು ಬರುವ ತನಕ ರೋಗ ಕಾದು ನಿಂತೀತೆ?

ಸುರಕ್ಷತೆಗಾಗಿ ಈ ನಿರ್ಬಂಧವೆಂದು ಅವರ ವಾದ. ಲಿಥಿಯಂ ಬ್ಯಾಟರಿಯನ್ನು ಅರಿಯದೆ ಮುಟ್ಟಿದರೆ ಅಪಾಯವೆಂಬುದು ನಿಜ. ಹಾಗಾದರೆ ಅರಿವನ್ನು ಕೊಡಲಿ. ದುರಸ್ತಿಯ ಕೈಪಿಡಿಯನ್ನು ಪ್ರಕಟಿಸಲಿ, ಕನ್ನಡದಲ್ಲಿಯೂ ಪ್ರಕಟಿಸಲಿ. ಅಜ್ಞಾನವನ್ನೇ ಬೇಲಿಯಾಗಿ ಕಟ್ಟುವುದರಲ್ಲಿ ವ್ಯಾಪಾರವಲ್ಲದೆ ಬೇರೇನಿದೆ? ಇದು ನಮ್ಮ ಊಹೆಯಲ್ಲ. ಬಿಡಿಭಾಗಗಳನ್ನೂ ದುರಸ್ತಿಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ನಿರಾಕರಿಸಿದ ಕಾರಣಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ತಯಾರಕರಿಗೆ 2,544 ಕೋಟಿ ರೂಪಾಯಿಗಳಿಗೂ ಮಿಕ್ಕಿ ದಂಡ ವಿಧಿಸಿತ್ತು.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿಗಾಗಿ ಸಮಿತಿಯೊಂದನ್ನು ರಚಿಸಿತು. ಕೃಷಿಯಂತ್ರ, ಮೊಬೈಲು, ಗೃಹೋಪಯೋಗಿ ಸಾಧನ, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡು, ಅದೇ ವರ್ಷ ಜಾಲತಾಣವೊಂದನ್ನೂ ತೆರೆಯಲಾಯಿತು. ಸಂತೋಷ. ಆದರೆ ಜಾಲತಾಣ ಮಾಹಿತಿಯನ್ನು ಕೊಟ್ಟೀತು. ಬೀಗದ ಕೈಯನ್ನು ಕೊಡಿಸಲಾರದು. ಐರೋಪ್ಯ ಒಕ್ಕೂಟವು 2024ರಲ್ಲಿ ಶಾಸನವನ್ನೇ ಅಂಗೀಕರಿಸಿತು. ನಮಗೂ ಅಂತಹ ಶಾಸನದ ಬಲ ಬೇಕು.

ಅಧ್ಯಾಪಕ ಬಂಧುಗಳೆ, ಕೇರಳದ ಶಾಲೆಗಳಲ್ಲಿ ನಾವು ಸ್ವತಂತ್ರ ತಂತ್ರಾಂಶವನ್ನು ಬಳಸಿ ಪಾಠ ಹೇಳುತ್ತೇವೆ. ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬುದೇ ಅದರ ತಿರುಳು. ಅದನ್ನು ಕಲಿತ ಮಗು ಮನೆಯಲ್ಲಿ ಕೆಟ್ಟ ಯಂತ್ರದೆದುರು ಕೈಕಟ್ಟಿ ಕುಳಿತುಕೊಳ್ಳಬೇಕೆ? ಬಿಡಿಭಾಗ ಸಿಗಲಿ, ಕೈಪಿಡಿ ಸಿಗಲಿ, ತಂತ್ರಾಂಶದ ಬೀಗ ತೆರೆಯಲಿ. ಈ ಮೂರು ಬೇಡಿಕೆಗಳನ್ನು ಗ್ರಾಮಸಭೆಯಿಂದಲೇ ಎತ್ತೋಣ. ಕಲಿತ ಕೈಗೆ ಬೇಡಿ ತೊಡಿಸುವ ವ್ಯಾಪಾರವನ್ನು ನಾವು ಒಪ್ಪಲಾರೆವು.