ಫಲಿತಾಂಶದ ದಿನಗಳಲ್ಲಿ ನಮ್ಮ ಮಕ್ಕಳು

ಪ್ರತಿವರ್ಷ ಏಪ್ರಿಲ್, ಮೇ ತಿಂಗಳುಗಳು ಬಂದವೆಂದರೆ ಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿಗಳು ಜೊತೆಯಾಗಿ ಬರುತ್ತವೆ. ಮುಖಪುಟದಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳ ಭಾವಚಿತ್ರಗಳು, ಅವರ ಬಾಯಿಗೆ ಪೇಢೆ ಇಡುತ್ತಿರುವ ತಾಯ್ತಂದೆಗಳು. ಒಳಪುಟದ ಮೂಲೆಯಲ್ಲಿ ನಾಲ್ಕೇ ಸಾಲು: ಪರೀಕ್ಷೆಯಲ್ಲಿ ಅನುತ್ತೀರ್ಣ, ವಿದ್ಯಾರ್ಥಿನಿ ಆತ್ಮಹತ್ಯೆ. ಓದಿದವರು ಒಮ್ಮೆ ನಿಟ್ಟುಸಿರುಬಿಟ್ಟು ಪುಟ ತಿರುವುತ್ತಾರೆ. ಆ ನಾಲ್ಕು ಸಾಲುಗಳು ನಮಗೆ ಒಂದು ಕಾರಣವನ್ನು ಕೊಟ್ಟುಬಿಟ್ಟಿರುವುದರಿಂದ ಮುಂದೆ ವಿಚಾರ ಮಾಡುವ ಅಗತ್ಯವೇ ಉಳಿಯುವುದಿಲ್ಲ.

ಕಾರಣ ಅಷ್ಟು ಸರಳವೇ? 2024ರಲ್ಲಿ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ನೂರಕ್ಕೆ 73.40ಕ್ಕೆ ಇಳಿಯಿತು, ಹಿಂದಿನ ವರ್ಷ ಅದು 83.89 ಇತ್ತು. ಅಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಅನುತ್ತೀರ್ಣರಾದರು. ಅವರಲ್ಲಿ ಬಹುಪಾಲು ಮಕ್ಕಳು ಅತ್ತರು, ಬೈಗುಳ ತಿಂದರು, ಮತ್ತೆ ಪುಸ್ತಕ ಹಿಡಿದರು, ಇಲ್ಲವೇ ಹೊಲಕ್ಕೋ ಅಂಗಡಿಗೋ ಹೋದರು. ಹಾಗಾದರೆ ಒಂದು ಮಗುವಿಗೆ ಮಾತ್ರ ಅದೇ ಅಂಕಪಟ್ಟಿ ಬದುಕಿನ ಕೊನೆಯಾಗಿ ತೋರಿದ್ದೇಕೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ದಿನಕ್ಕೆ 35ಕ್ಕೂ ಮಿಕ್ಕಿ. ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ಎಣಿಸಿದ ಅದೇ ವರದಿಯಲ್ಲಿ ನೂರಕ್ಕೆ 31.7 ಸಾವುಗಳಿಗೆ ಕೌಟುಂಬಿಕ ಸಮಸ್ಯೆಯೂ 18.4ಕ್ಕೆ ಕಾಯಿಲೆಯೂ ಕಾರಣವೆಂದು ಬರೆಯಲಾಗಿದೆ. ಪೊಲೀಸರ ಕಾಗದದಲ್ಲಿ ಒಂದು ಸಾವಿಗೆ ಒಂದೇ ಕಾರಣದ ಜಾಗ. ಮನುಷ್ಯನ ಮನಸ್ಸು ಹಾಗಿಲ್ಲ. ಫಲಿತಾಂಶದ ದಿನ ಕಾಣುವುದು ಕೊನೆಯ ಮೆಟ್ಟಿಲು. ಮಗು ಅದಕ್ಕೂ ಮುಂಚೆ ಹಲವು ಮೆಟ್ಟಿಲು ಇಳಿದಿರುತ್ತದೆ, ನಮ್ಮ ಕಣ್ಣೆದುರಿಗೇ.

ಈ ಕಣ್ಣೆದುರಿನ ಇಳಿತವನ್ನೇ ವಸ್ತುವಾಗಿಸಿಕೊಂಡ ಒಂದು ಕಾದಂಬರಿ ನಮ್ಮ ಪಟ್ಟಣಗಳ ಮಕ್ಕಳ ಕೈಗೂ ಬಂದಿದೆ. ಅಮೆರಿಕದ ಜೇ ಆಷರ್ ಎಂಬವರು 2007ರಲ್ಲಿ ಪ್ರಕಟಿಸಿದ 'ಥರ್ಟೀನ್ ರೀಸನ್ಸ್ ವೈ'. ಹ್ಯಾನಾ ಎಂಬ ಶಾಲಾ ಹುಡುಗಿ ತನ್ನ ಸಾವಿಗೆ ಮೊದಲು ಏಳು ಕ್ಯಾಸೆಟ್ಟುಗಳಲ್ಲಿ ಹದಿಮೂರು ಕಥೆಗಳನ್ನು ಹೇಳಿಟ್ಟಿರುತ್ತಾಳೆ. ಯಾರ ಯಾರ ನಡತೆ ತನ್ನನ್ನು ಹೇಗೆ ನೋಯಿಸಿತೆಂದು. ಕ್ಲೇ ಎಂಬ ಸಹಪಾಠಿ ಒಂದು ರಾತ್ರಿಯೆಲ್ಲ ಅವನ್ನು ಕೇಳುತ್ತ ಊರು ಸುತ್ತುತ್ತಾನೆ. 2017ರಲ್ಲಿ ಇದು ನೆಟ್‌ಫ್ಲಿಕ್ಸ್ ಧಾರಾವಾಹಿಯಾಗಿ ಬಂದು ಜಗತ್ತಿನ ತುಂಬ ವಾದಕ್ಕೆ ಕಾರಣವಾಯಿತು.

ಆ ವಾದದಲ್ಲಿ ಹುರುಳಿದೆ. ಸಾವನ್ನು ಒಂದು ಉತ್ತರವೆಂಬಂತೆ, ನೋಯಿಸಿದವರಿಗೆ ಕಲಿಸುವ ಪಾಠವೆಂಬಂತೆ ಚಿತ್ರಿಸಿರುವುದು ಈ ಕಥೆಯ ದೊಡ್ಡ ದೋಷ. ಸತ್ತವಳು ಕ್ಯಾಸೆಟ್ಟಿನ ಮೂಲಕ ಮಾತನಾಡುತ್ತಲೇ ಇರುತ್ತಾಳೆ. ನಿಜಜೀವನದಲ್ಲಿ ಸತ್ತ ಮಗು ಮಾತನಾಡುವುದಿಲ್ಲ, ಯಾರ ಪಶ್ಚಾತ್ತಾಪವನ್ನೂ ನೋಡುವುದಿಲ್ಲ. ಧಾರಾವಾಹಿ ಬಂದ ಮರುತಿಂಗಳು ಅಮೆರಿಕದ ಎಳೆಯರಲ್ಲಿ ಆತ್ಮಹತ್ಯೆ ಏರಿತ್ತೆಂದು 2019ರಲ್ಲಿ ಅಲ್ಲಿನ ಸಂಶೋಧಕರು ಬರೆದರು. ಅದಕ್ಕೆ ಧಾರಾವಾಹಿಯೇ ಕಾರಣವೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ಆದರೂ ಅದೇ ವರ್ಷ ಸಾವಿನ ದೃಶ್ಯವನ್ನು ತೆಗೆದುಹಾಕಲಾಯಿತು. ಇದು ಹೊಸ ಆತಂಕವೂ ಅಲ್ಲ. 1774ರಲ್ಲಿ ಜರ್ಮನಿಯ ಗಯಟೆ ಬರೆದ ವೆರ್ಥರನ ಕಥೆಯನ್ನು ಓದಿ ಯುವಕರು ಅವನ ದಾರಿ ಹಿಡಿಯುತ್ತಾರೆಂಬ ಭಯದಿಂದ ಲೈಪ್ಸಿಗ್ ನಗರದಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದ್ದರು. ಸಾವಿನ ವರದಿಯನ್ನು ವೈಭವೀಕರಿಸಿದರೆ ಇನ್ನಷ್ಟು ಸಾವುಗಳು ಸಂಭವಿಸಬಹುದೆಂಬುದಕ್ಕೆ ಸಮಾಜಶಾಸ್ತ್ರಜ್ಞರು 1974ರಲ್ಲಿ ಆ ಕಥಾನಾಯಕನ ಹೆಸರನ್ನೇ ಇಟ್ಟರು. ನಮ್ಮ ಪತ್ರಿಕಾ ಮಂಡಳಿಯೂ 2019ರಲ್ಲಿ, ಇಂಥ ಸುದ್ದಿಗಳನ್ನು ರೋಚಕವಾಗಿ, ವಿಧಾನದ ವಿವರದೊಂದಿಗೆ ಅಚ್ಚುಹಾಕಬಾರದೆಂದು ಸೂಚಿಸಿದೆ. ಪಾಲಿಸುವವರು ಎಷ್ಟು ಮಂದಿಯೆಂಬುದನ್ನು ಓದುಗರೇ ಬಲ್ಲರು.

ಇಷ್ಟೆಲ್ಲ ಹೇಳಿದ ಮೇಲೂ ಆ ಕಾದಂಬರಿಯ ಒಂದು ಪ್ರಸಂಗವನ್ನು ಹೆತ್ತವರು ತಿಳಿದಿರಬೇಕೆಂದು ನಮಗೆ ಅನ್ನಿಸುತ್ತದೆ. ತರಗತಿಯಲ್ಲಿ ಚರ್ಚೆಗೆ ವಿಷಯ ಬರೆದು ಹಾಕುವ ಚೀಲವೊಂದಿರುತ್ತದೆ. ಹ್ಯಾನಾ ಹೆಸರು ಹಾಕದೆ ಆತ್ಮಹತ್ಯೆಯ ವಿಷಯ ಬರೆದು ಹಾಕುತ್ತಾಳೆ. ಸಹಪಾಠಿಗಳಿಗೆ ಸಿಟ್ಟು ಬರುತ್ತದೆ: ಬರೆದವರು ಎಲ್ಲರ ಗಮನ ಸೆಳೆಯಲು ನಾಟಕ ಮಾಡುತ್ತಿದ್ದಾರೆಂದು. ಅನಂತರ ಸಂಕಟದ ಲಕ್ಷಣಗಳ ಕರಪತ್ರವನ್ನು ಹಂಚಲಾಗುತ್ತದೆ. ಆ ಲಕ್ಷಣಗಳಲ್ಲೊಂದು ಅವರ ನಡುವೆಯೇ ಕುಳಿತಿರುತ್ತದೆ. ಕೊನೆಗೆ ಕ್ಲೇ ಮಾಡುವುದು ಒಂದು ಚಿಕ್ಕ ಕೆಲಸ. ಹಲವು ಕಾಲದಿಂದ ಎಲ್ಲರಿಂದ ದೂರವಾಗಿ ಓಡಾಡುತ್ತಿದ್ದ ಮತ್ತೊಬ್ಬ ಹುಡುಗಿಯ ಹಿಂದೆ ನಡೆದು ಅವಳ ಹೆಸರು ಹಿಡಿದು ಕೂಗುತ್ತಾನೆ. ಹದಿಮೂರು ಕಾರಣಗಳಿಗಿಂತ ಆ ಒಂದು ಕೂಗು ನಮಗೆ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಹಾನಗಲ್ಲು ತಾಲ್ಲೂಕಿನ ನಮ್ಮ ತಿಳವಳ್ಳಿಯಂಥ ಊರುಗಳಿಗೂ ಅಮೆರಿಕದ ಆ ಶಾಲೆಗೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಲಕ್ಷಣಗಳು ಒಂದೇ, ಅವು ತೊಡುವ ವೇಷ ಬೇರೆ. ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಹುಡುಗನನ್ನು ಹುಬ್ಬಳ್ಳಿಗೋ ಧಾರವಾಡಕ್ಕೋ ಮಂಗಳೂರಿಗೋ ವಿಜ್ಞಾನ ಓದಲು ಕಳಿಸುತ್ತಾರೆ. ಊರಿಗೇ ಜಾಣನೆನಿಸಿಕೊಂಡವನು ಅಲ್ಲಿ ಒಮ್ಮೆಲೇ ಇಂಗ್ಲಿಷಿನ ಪಾಠ ಅರ್ಥವಾಗದೆ ಹಿಂದಿನ ಬೆಂಚಿಗೆ ಸರಿಯುತ್ತಾನೆ. ಗೋವಿನಜೋಳ, ಹತ್ತಿ ಮಾರಿದ ಹಣದಲ್ಲೋ, ಸಂಘದಿಂದ ತಂದ ಸಾಲದಲ್ಲೋ ತಂದೆ ಕಟ್ಟಿದ ಶುಲ್ಕ ಅವನ ನೆನಪಿನಿಂದ ಕದಲುವುದಿಲ್ಲ. ತಿಳಿಯುತ್ತಿಲ್ಲವೆಂದು ಮನೆಗೆ ಹೇಳುವ ಬಾಯಿ ಅವನಿಗಿಲ್ಲ. ರಜೆಗೆ ಬಂದಾಗ ಹಗಲೆಲ್ಲ ಮಲಗುತ್ತಾನೆ, ರಾತ್ರಿಯೆಲ್ಲ ಎಚ್ಚರವಿರುತ್ತಾನೆ. ಹಳೆಯ ಗೆಳೆಯರು ಕರೆದರೆ ಕ್ರಿಕೆಟ್ಟಿಗೆ ಹೋಗುವುದಿಲ್ಲ. ತಟ್ಟೆಯಲ್ಲಿ ರೊಟ್ಟಿ ಹಾಗೆಯೇ ಉಳಿಯುತ್ತದೆ. ನಾವು ಅದಕ್ಕೆ ಸೋಮಾರಿತನವೆಂದು ಹೆಸರಿಡುತ್ತೇವೆ, ಮೊಬೈಲಿನ ಚಟವೆನ್ನುತ್ತೇವೆ. ನೆರೆಮನೆಯ ಹುಡುಗನ ಅಂಕಗಳನ್ನು ಎತ್ತಿ ಆಡುತ್ತೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಸುತ್ತು ಹೆಚ್ಚು. ಈ ಸಲ ಕೈಬಿಟ್ಟರೆ ಮದುವೆ ಎಂಬ ಮಾತನ್ನು ಅನೇಕ ಮನೆಗಳಲ್ಲಿ ತಮಾಷೆಯಾಗಿ ಆಡುತ್ತಾರೆ. ಕೇಳುವವಳಿಗೆ ಅದು ತಮಾಷೆಯಲ್ಲ. ಸದಾ ಗಾಯನವೃಂದದಲ್ಲಿ ಮುಂದೆ ನಿಲ್ಲುತ್ತಿದ್ದವಳು ಒಂದು ದಿನ ಭಾನುವಾರದ ಬಲಿಪೂಜೆಗೂ ಬರಲೊಲ್ಲೆನೆಂದರೆ, ತನ್ನ ಇಷ್ಟದ ಬಳೆ, ಪುಸ್ತಕಗಳನ್ನು ತಂಗಿಗೆ ಕೊಟ್ಟುಬಿಟ್ಟರೆ, ತಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ ಎಂದರೆ, ಅದನ್ನು ಹಟವೆಂದು ಬಗೆದು ಗದರುವುದು ಸುಲಭ. ಬಹುದಿನ ಕುಗ್ಗಿದ್ದ ಮಗು ಕಾರಣವಿಲ್ಲದೆ ಹಠಾತ್ತಾಗಿ ಶಾಂತವಾದಾಗಲೂ ಎಚ್ಚರ ಬೇಕೆಂದು ಮನೋವೈದ್ಯರು ಹೇಳುತ್ತಾರೆ. ಇವುಗಳಲ್ಲಿ ಯಾವುದೊಂದೂ ತಾನೇ ಸಾವಿನ ಮುನ್ಸೂಚನೆಯಲ್ಲ. ಹದಿಹರೆಯದವರೆಲ್ಲ ಒಮ್ಮೊಮ್ಮೆ ಬಾಗಿಲು ಹಾಕಿಕೊಳ್ಳುವವರೇ. ಎರಡು ಮೂರು ಒಟ್ಟಿಗೆ ಕಂಡು, ವಾರಗಟ್ಟಲೆ ಉಳಿದರೆ ಕೇಳಲೇಬೇಕು.

ಕೇಳುವುದು ಹೇಗೆ? ನೇರವಾಗಿ. 'ತಮ್ಮಾ, ಬದುಕೂದ ಬ್ಯಾಡ ಅನಸೈತೇನು?' ಎಂದು ನಮ್ಮ ಸೀಮೆಯ ಮಾತಿನಲ್ಲೇ ಕೇಳಬಹುದು. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುವುದಿಲ್ಲವೇ ಎಂಬುದು ಎಲ್ಲ ತಾಯಂದಿರ ಅಳುಕು. ಆ ಅಳುಕಿಗೆ ಆಧಾರವಿಲ್ಲವೆಂದು ಈ ಕ್ಷೇತ್ರದ ವೈದ್ಯರು ಒಮ್ಮತದಿಂದ ಹೇಳುತ್ತ ಬಂದಿದ್ದಾರೆ. ಕೇಳಿದಾಗ ಹೊರೆ ಇಳಿಸಿದಂತಾಗುವುದೇ ಹೆಚ್ಚು. ಉತ್ತರ ಬಂದಾಗ ಅಳುವುದನ್ನೂ ಆಣೆ ಹಾಕಿಸುವುದನ್ನೂ ಬುದ್ಧಿವಾದವನ್ನೂ ಬಿಟ್ಟು ಸುಮ್ಮನೆ ಕೇಳಿಸಿಕೊಂಡು, ಆ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೇಸಾಯದ ಮನೆಯವರಿಗೆ ಇನ್ನೊಂದು ಮಾತು: ಹೊಲಕ್ಕೆ ತಂದ ಔಷಧಗಳು ಜಗಲಿಯ ಮೂಲೆಯಲ್ಲಿ ಇರಕೂಡದು. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಸಾಧ್ಯವಾದರೆ ಮನೆಯಿಂದಲೇ ದೂರದಲ್ಲಿ ಇರಲಿ. ಸಾಯಬೇಕೆಂಬ ಆವೇಗ ಬಹಳ ಸಲ ಕೆಲವೇ ಗಳಿಗೆಯದು. ಆ ಗಳಿಗೆ ದಾಟಿದರೆ ಮಗು ಉಳಿಯುತ್ತದೆ. ಅತ್ಯಂತ ಅಪಾಯಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕೆಯಲ್ಲಿ 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ ಸುಮಾರು 70ರಷ್ಟು ಇಳಿಯಿತು. ಅಲ್ಲಿಯ ಜನರ ದುಃಖ ಅಷ್ಟು ಇಳಿದಿರಲಾರದು.

ನೆರವು ದೂರವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸೇವೆಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಹೊಣೆ ಹೊತ್ತಿದೆ. ಹಗಲುರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಸರ್ಕಾರದ ಮನೋಚೈತನ್ಯ ಯೋಜನೆಯಂತೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಹಾನಗಲ್ಲಿನ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ.

ಒಮ್ಮೆ ಯತ್ನಿಸಿ ಉಳಿದ ಮಗುವಿನ ವಿಷಯವನ್ನು ಪೊಲೀಸರ ಭಯದಿಂದ ಮುಚ್ಚಿಡುವವರಿಗೆ ಒಂದು ಸಂಗತಿ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಅಂಥವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದೇ ಭಾವಿಸಬೇಕೆನ್ನುತ್ತದೆ. ಅವರ ಆರೈಕೆ ಸರ್ಕಾರದ ಕರ್ತವ್ಯವೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಸರ್ಕಾರಿ ನೌಕರನನ್ನು ಒತ್ತಾಯಿಸಲೆಂದು ಮಾಡುವ ಯತ್ನವೊಂದನ್ನು ಬಿಟ್ಟರೆ, ಹಳೆಯ 309ನೆಯ ಕಲಮಿನ ಅಪರಾಧವೇ ಇಲ್ಲ.

ಕಾಯ್ದೆಗಿಂತ ಹೆಚ್ಚಾಗಿ ನಮ್ಮ ಮನೆಗಳನ್ನು ಬಾಯಿಮುಚ್ಚಿಸಿರುವುದು ಮತ್ತೊಂದು ಭಯ. ಆತ್ಮಹತ್ಯೆಯಿಂದ ತೀರಿಕೊಂಡವರಿಗೆ ದೇವಾಲಯದಲ್ಲಿ ಬಲಿಪೂಜೆಯಿಲ್ಲ, ಪವಿತ್ರ ಸಮಾಧಿಭೂಮಿಯಲ್ಲಿ ಎಡೆಯಿಲ್ಲ ಎಂದು ಹಿರಿಯರು ಹೇಳಿದ್ದು ಇನ್ನೂ ಹಲವರ ಮನಸ್ಸಿನಲ್ಲಿದೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಆ ನಿಷೇಧ ಇದ್ದದ್ದು ನಿಜ. 1983ರ ಸಂಹಿತೆ ಅದನ್ನು ಕೈಬಿಟ್ಟಿತು. 1992ರಲ್ಲಿ ವಿಶ್ವಗುರು ಎರಡನೆಯ ಜಾನ್ ಪಾಲರು ಪ್ರಕಟಿಸಿದ ಕಥೋಲಿಕ ಧರ್ಮೋಪದೇಶ ಗ್ರಂಥವು ಪ್ರಾಣ ದೇವರದೆಂಬ ಬೋಧನೆಯನ್ನು ಕಿಂಚಿತ್ತೂ ಸಡಿಲಿಸದೆ, ತೀವ್ರ ಮನೋವೇದನೆ, ಭಯಗಳು ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡಬಲ್ಲವೆಂದೂ, ಹಾಗೆ ತೀರಿಕೊಂಡವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆಂದೂ ಹೇಳುತ್ತದೆ. ಪವಿತ್ರ ಗ್ರಂಥದಲ್ಲಿ ಪ್ರವಾದಿ ಎಲೀಯನೇ ಅಡವಿಯ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದವನು. ದೇವದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸಿದನು; ಉಂಡು ಮತ್ತೆ ಮಲಗಿದವನನ್ನು ಎರಡನೆಯ ಸಲವೂ ಬಂದು ಮುಟ್ಟಿ ಉಣ್ಣಲು ಹೇಳಿದನು. ವಿಶ್ವಾಸದ ಕೊರತೆಯಿಂದಲೇ ಮಕ್ಕಳು ಕುಗ್ಗುತ್ತಾರೆಂದು ಹೇಳುವವರು ಈ ಅಧ್ಯಾಯವನ್ನು ಓದಿರಲಾರರು.

ಕಥೋಲಿಕ ಮನೆಗಳು ವಿರಳವಾಗಿರುವ ನಮ್ಮ ಸೀಮೆಯಲ್ಲಿ ಇಂಥ ಸಾವು ಸಂಭವಿಸಿದ ಮನೆ ಬೇಗನೆ ಒಂಟಿಯಾಗುತ್ತದೆ. ಮಣ್ಣಿಗೆ ಬಂದವರು ಕಾರಣ ಕೇಳಿ ಹೋಗುತ್ತಾರೆ. ಅನಂತರ ಏನು ಮಾತನಾಡಬೇಕೆಂದು ತೋಚದೆ ಆ ಬಾಗಿಲಿಗೆ ಯಾರೂ ಹೋಗುವುದಿಲ್ಲ. ಆ ಮನೆಯಲ್ಲಿ ತಮ್ಮನೋ ಅಕ್ಕನೋ ಉಳಿದಿರುತ್ತಾರೆ, ಶಾಲೆಯಲ್ಲಿ ಪಕ್ಕದ ಬೆಂಚಿನ ಗೆಳತಿ ಇರುತ್ತಾಳೆ. ಅಂಥ ನಷ್ಟ ಕಂಡ ಎಳೆಯರ ಮೇಲೆ ಮುಂದಿನ ತಿಂಗಳುಗಳಲ್ಲಿ ವಿಶೇಷ ನಿಗಾ ಬೇಕೆನ್ನುತ್ತಾರೆ ವೈದ್ಯರು. ತಿಂಗಳ ಪೂಜೆಯಾದ ಮೇಲೂ ಧರ್ಮಕೇಂದ್ರದ ಯಾರಾದರೂ ಇಬ್ಬರು ವಾರಕ್ಕೊಮ್ಮೆ ಆ ಮನೆಗೆ ಹೋಗಿ ಚಹಾ ಕುಡಿದು ಬರುವ ಪದ್ಧತಿಯನ್ನು ಗುರುಗಳೂ ಕನ್ಯಾಸ್ತ್ರೀಯರೂ ಈ ಫಲಿತಾಂಶದ ಋತುವಿಗೆ ಮುಂಚೆಯೇ ಆರಂಭಿಸಬಹುದು. ಸತ್ತ ಮಗುವಿನ ಹೆಸರನ್ನು ಆ ಮನೆಯಲ್ಲಿ ಧಾರಾಳವಾಗಿ ಎತ್ತಬಹುದು. ಹೆತ್ತವರು ಅದನ್ನು ಕೇಳಲು ಕಾಯುತ್ತಿರುತ್ತಾರೆ.